ಹಿಮದ ಮೇಲೆ ದುಂಡು ಹೆಜ್ಜೆ

ಶಿತಾಯಾ, ಟೋಕಿಯೊ
ಜನವರಿ ೨೮, ೧೯೨೧

ನುಯಿಗೆ,

ಇಲ್ಲಿ ಮೂರು ದಿನದಿಂದ ಒಣಗಾಳಿ. ನೆನೆಸಿಟ್ಟ ಕಾಗದ ಮಧ್ಯಾಹ್ನದೊಳಗೆ ಅಂಚಿನಿಂದ ಸುರುಟಿಕೊಳ್ಳುತ್ತದೆ. ನೀನಿದ್ದರೆ ಒದ್ದೆ ಬಟ್ಟೆ ಹೊದೆಸಿ ಹದದಲ್ಲಿಡುತ್ತಿದ್ದೆ. ನವೆಂಬರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ನೀನು ಊರಿಗೆ ಹೋದಮೇಲೆ ಅಂಟು, ಪಟಿಕ ಕುದಿಸಿ ಕಾಗದಕ್ಕೆ ಹಚ್ಚುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಊಟದ ಯೋಚನೆ ಮಾಡಬೇಡ. ಎದುರು ಅಂಗಡಿಯ ಒಸೆಕಿ ಮಧ್ಯಾಹ್ನ ಒಂದು ಬಟ್ಟಲು ಸೋಬಾ ಶಾವಿಗೆ ತಂದಿಡುತ್ತಾಳೆ.

ಇಕೆನೊಯಾ ಅಂಗಡಿಯವರು ಹೊಸ ಕೆಲಸ ಕೊಟ್ಟಿದ್ದಾರೆ. ಹಿಮದ ಚಿತ್ರ. ಬರೆದವರು ಉರಾಬೆ ಎಂಬ ಚಿತ್ರಗಾರರು, ಅಚ್ಚಿನ ಹಲಗೆ ಕೆತ್ತಿದವನು ನಮ್ಮ ಗೆನ್ಪಾಚಿ, ಬಣ್ಣ ಹಚ್ಚಿ ಅಚ್ಚು ಹಾಕುವುದು ಎಂದಿನಂತೆ ನಾನು. ನಿನ್ನೆ ಹನ್ನೊಂದು ಹಲಗೆಗಳನ್ನೂ ಬೆನ್ನ ಮೇಲೆ ಹೊತ್ತು ತಂದು ಇಳಿಸಿದ. “ಎಚಿಗೊ ಬೆಟ್ಟದ ಮೇಲಿನ ಊರಂತೆ ಕಣೋ. ನಿನ್ನ ಮಾವನ ಮನೆ ಕಡೆ. ನೋಡ್ಕೊ, ಯಾರಾದ್ರೂ ನೆಂಟರು ಸಿಕ್ಕಾರು” ಎಂದು ನಕ್ಕ.

ಮೊದಲ ಹಾಳೆ ಎತ್ತಿದಾಗ ನನಗೆ ನಿಜವಾಗಿಯೂ ಗುರುತು ಸಿಕ್ಕಿತು. ಕೆಳಗೆ ಆ ಮರದ ಸೇತುವೆ, ಒಂದು ಕಡೆ ಕಂಬಿ ಮುರಿದದ್ದು. ನಮ್ಮ ಮದುವೆಯ ದಿನ ನಿನ್ನ ಸೋದರಮಾವ ಕುಡಿದು ಮುರಿದ ಕಂಬಿ ಅದೇ ಅಲ್ಲವೆ? ಮೇಲೆ ಏರಿನಲ್ಲಿ ನಿಮ್ಮೂರಿನ ಒಂದೇ ಒಂದು ತಂಗುಮನೆ, ಅದರ ಕಿಟಕಿಯಲ್ಲಿ ಹಳದಿ ಬೆಳಕು. ಆಕಾಶ ಮೇಲೆ ಕಡುನೀಲಿ, ಕೆಳಗಿಳಿಯುತ್ತ ತಿಳಿ. ಬೆಳಗಿನ ಜಾವ. ಉಳಿದದ್ದೆಲ್ಲ ಹಿಮ. ಹಿಮಕ್ಕೆ ನಾನು ಬಣ್ಣ ಹಚ್ಚುವುದೇ ಇಲ್ಲ, ಬರಿಯ ಕಾಗದ ಬಿಡುತ್ತೇನೆ ಎಂದು ನಿನಗೆ ಗೊತ್ತು.

ತಂಗುಮನೆಗೂ ಸೇತುವೆಗೂ ನಡುವೆ ಒಬ್ಬ ಹೆಂಗಸಿದ್ದಾಳೆ. ನನ್ನ ಹೆಬ್ಬೆರಳ ಉಗುರಿಗಿಂತ ಚಿಕ್ಕವಳು. ಹುಲ್ಲಿನ ಹೊದಿಕೆ, ಕೆಂಪು ತಲೆಬಟ್ಟೆ. ಹಲಗೆಯಲ್ಲಿ ಎಲ್ಲವೂ ತಿರುವುಮುರುವಾಗಿ ಇರುತ್ತದಲ್ಲ, ಅದಕ್ಕೆ ಮೊದಲು ಗಮನಿಸಲಿಲ್ಲ. ಕಾಗದದ ಮೇಲೆ ಅವಳ ತಲೆಬಟ್ಟೆಯ ಗಂಟು ಎಡಕ್ಕಿದೆ, ಎಡಗೈಯವಳು ಕಟ್ಟಿಕೊಂಡ ಹಾಗೆ.

ಉರಾಬೆಯವರು ಡಿಸೆಂಬರಿನಿಂದ ಹೊಸ ವರ್ಷದವರೆಗೂ ಅಲ್ಲೇ ಇದ್ದರಂತೆ. ನಿನ್ನ ಕಾಗದಗಳಲ್ಲಿ ಅವರ ಸುದ್ದಿ ಇರಲಿಲ್ಲ. ಹದಿನಾಲ್ಕು ಮನೆಯ ಊರಿನಲ್ಲಿ ಕಣ್ಣಿಗೆ ಬೀಳಲಿಲ್ಲವೇನೋ. ಸುಮ್ಮನೆ ಕೇಳಿದೆ.

ಅಮ್ಮನವರ ಕೆಮ್ಮು ಹೇಗಿದೆ?

ಯಸುಗೊರೊ

*

ಮಿನೊಸಾವಾ, ಎಚಿಗೊ
ಫೆಬ್ರವರಿ ೬

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದ ಬರಲು ಆರು ದಿನ ಹಿಡಿಯಿತು. ಕೆಳಗಿನ ಕಣಿವೆಯಲ್ಲಿ ಹಿಮ ಕುಸಿದು ಅಂಚೆಯವರು ಎರಡು ದಿನ ದಾರಿಯಲ್ಲೇ ಉಳಿದರಂತೆ. ನಮ್ಮ ಮನೆಯಲ್ಲಿ ಈಗ ಮೇಲಿನ ಮಹಡಿಯ ಕಿಟಕಿಯಿಂದ ಓಡಾಟ.

ಅಮ್ಮ ಹಾಗೇ ಇದ್ದಾರೆ. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಹಿಮ ಕರಗುವವರೆಗೂ ನಾನು ಇರಬೇಕಾಗಬಹುದು.

ಚಿತ್ರಗಾರರೊಬ್ಬರು ಬಂದಿದ್ದರು ಎಂದು ಊರಲ್ಲಿ ಮಾತಾಡಿಕೊಂಡರು. ಆ ಚಿತ್ರದ ಒಂದು ಹಾಳೆ ನನಗೆ ಕಳಿಸಿಕೊಡಿ. ನೀವು ಯಾವ ನೀಲಿ ಹಾಕಿದ್ದೀರಿ ಎಂದು ನೋಡುವ ಆಸೆ. ಇಲ್ಲಿ ಜಾವದ ಹೊತ್ತಿನ ನೀಲಿ ಟೋಕಿಯೊದಲ್ಲಿ ಸಿಗುವಂಥದ್ದಲ್ಲ. ಆ ಹೆಂಗಸನ್ನು ಅಚ್ಚು ಹಾಕುವಾಗ ನಿಮಗೆ ನಗು ಬರಲಿಲ್ಲವೆ?

ಒಸೆಕಿಯ ಸೋಬಾ ನಿಮಗೆ ಸೇರುತ್ತಿರಲಿಲ್ಲ. ಸಾರು ಉಪ್ಪೆಂದು ಹೇಳುತ್ತಿದ್ದಿರಿ. ಈಗ ಉಪ್ಪು ಕಡಿಮೆ ಹಾಕುತ್ತಾಳೇನೋ.

ನುಯಿ

*

ಶಿತಾಯಾ
ಫೆಬ್ರವರಿ ೧೫

ನುಯಿಗೆ,

ನಗು ಏಕೆ ಬರಬೇಕು ಎಂದು ಯೋಚಿಸಿದೆ. ತಿಳಿಯಲಿಲ್ಲ.

ಮೊನ್ನೆ ಉರಾಬೆಯವರು ಪರೀಕ್ಷೆಯ ಹಾಳೆಗಳನ್ನು ನೋಡಲು ಖುದ್ದಾಗಿ ಬಂದಿದ್ದರು. ವಯಸ್ಸು ಮೂವತ್ತೈದರ ಒಳಗೇ. ಬೆರಳುಗಳು ತೆಳ್ಳಗೆ, ಉಗುರಿನೊಳಗೆ ಒಂದು ಚೂರು ಬಣ್ಣವಿಲ್ಲ. ಒಸೆಕಿ ಚಹಾ ತಂದಿಟ್ಟು ಎರಡು ಸಲ ಬಗ್ಗಿ ನಮಸ್ಕಾರ ಮಾಡಿದಳು. ನನ್ನ ಹೆಂಡತಿ ಅದೇ ಊರಿನವಳು ಎಂದು ನಾನು ಹೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ.

“ಊರು ಹೇಗಿತ್ತು?” ಎಂದು ಕೇಳಿದೆ.

“ಅಯ್ಯೋ, ಆ ಕೊನೇ ಮನೆ ಅಜ್ಜಿ ಕೊಟ್ಟ ಮೂಲಂಗಿ ಉಪ್ಪಿನಕಾಯಿ ಇದೆಯಲ್ಲ, ಅಂಥದ್ದು ಇಲ್ಲಿ ಎಲ್ಲೂ ಸಿಗಲ್ಲ ಬಿಡಿ. ಏನು ಗಟ್ಟಿ ಜೀವ ಅಂತೀರಿ. ಹೊಸ ವರ್ಷದ ದಿನ ಚಾವಣಿ ಹತ್ತಿ ಹಿಮ ಎಳೀತಾ ಇದ್ರು, ಹಾಡು ಬೇರೆ ಹೇಳ್ಕೊಂಡು.”

ಕೊನೆಯ ಮನೆ ನಿಮ್ಮದೇ. ಹಾಸಿಗೆ ಬಿಟ್ಟು ಏಳಲಾರದ ಅಮ್ಮ ಚಾವಣಿಯ ಮೇಲೆ ಹಾಡು ಹೇಳುತ್ತಿದ್ದರು.

ಆಮೇಲೆ ಅವರು ಹಾಳೆಯನ್ನು ಬೆಳಕಿಗೆ ಹಿಡಿದು, “ಈ ಕಿಟಕಿ ಹಳದಿ ಇನ್ನೂ ಸ್ವಲ್ಪ ಬೆಚ್ಚಗಿರಲಿ. ಅದು ನನ್ನ ಕೋಣೆ” ಎಂದರು.

ಅವರು ಹೋದಮೇಲೆ ನಾನು ಆ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಕೂತೆ. ಹದಿನೆಂಟು ವರ್ಷದಿಂದ ಅಚ್ಚು ಹಾಕುತ್ತಿದ್ದೇನೆ, ಒಂದು ಚಿತ್ರವನ್ನೂ ಹೀಗೆ ಓದಿರಲಿಲ್ಲ. ಹಿಮದ ಮೇಲೆ ಹೆಜ್ಜೆಗಳಿವೆ. ಆ ಹಳದಿ ಕಿಟಕಿಯ ಕೆಳಗಿನ ಬಾಗಿಲಿನಿಂದ ಶುರುವಾಗಿ ಹೆಂಗಸಿನ ಕಾಲಬುಡದವರೆಗೆ ಬಂದಿವೆ. ಅವಳ ಮುಂದೆ ಸೇತುವೆಯವರೆಗೆ ಹಿಮ ಮುಟ್ಟಿದವರಿಲ್ಲ. ಹೆಜ್ಜೆಗಳು ಕಾಲಿನ ಆಕಾರದಲ್ಲಿಲ್ಲ, ಮುಚ್ಚಳದ ಹಾಗೆ ದುಂಡಗಿವೆ. ಅದು ಗೆನ್ಪಾಚಿಯ ಸೋಮಾರಿತನ. ಅದು ಬಿಡು. ಜಾವದಲ್ಲಿ, ಊರು ಏಳುವ ಮೊದಲು, ಗಂಡಸಿನ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿರುವಾಗ, ಆ ಮನೆಯ ಬಾಗಿಲಿನಿಂದ ಹೊರಬಂದು ಹೋಗುವ ಹೆಂಗಸು ಯಾರು?

ಇದನ್ನು ನಾನು ಕೇಳುತ್ತಿಲ್ಲ. ಚಿತ್ರ ಕೊಂಡವರು ಕೇಳುತ್ತಾರೆ, ಅಷ್ಟೇ. ಒಸೆಕಿಯೂ ಕೇಳಿದಳು. “ಪಾಪ, ಯಾರ ಮನೆ ಹೆಂಗಸೋ” ಎಂದಳು ಒಸೆಕಿ.

ಹಳದಿ ಬೆಚ್ಚಗಿರಲಿ ಎಂದರಲ್ಲ, ನಾನು ಅದಕ್ಕೆ ಒಂದು ಹನಿ ಮಸಿ ಬೆರೆಸಿದೆ. ಯಾರಿಗೂ ಗೊತ್ತಾಗಿಲ್ಲ.

ಹಾಳೆ ಕಳಿಸಲು ಆಗುವುದಿಲ್ಲ. ಅಂಗಡಿಯವರು ಎಣಿಸಿ ಕೊಟ್ಟಿದ್ದಾರೆ.

ಯಸುಗೊರೊ

*

ಮಿನೊಸಾವಾ
ಫೆಬ್ರವರಿ ೨೨

ಯಜಮಾನರಿಗೆ,

ಕೇಳುವುದಿದ್ದರೆ ನೀವೇ ಕೇಳಿ. ಕೊಂಡವರ ಬಾಯಲ್ಲಿ, ಒಸೆಕಿಯ ಬಾಯಲ್ಲಿ ಕೇಳಿಸಬೇಡಿ.

ಅಮ್ಮನ ವಿಷಯದಲ್ಲಿ ನಾನು ಸುಳ್ಳು ಬರೆದೆ. ಡಿಸೆಂಬರ್ ಕೊನೆಗೇ ಎದ್ದು ಓಡಾಡುತ್ತಿದ್ದಾರೆ. ಸುಳ್ಳು ಹೇಳಿದ್ದು ತಪ್ಪು, ತಲೆ ತಗ್ಗಿಸುತ್ತೇನೆ. ಏಕೆ ಹೇಳಿದೆ ಎಂದು ನೀವು ಕೇಳಲಿಲ್ಲ. ಕೇಳದೆಯೇ ಉತ್ತರ ಬರೆದುಕೊಂಡಿರಿ.

ನನಗೂ ಓದಲು ಬರುತ್ತದೆ. ನಿಮ್ಮ ಮೊದಲ ಕಾಗದದಲ್ಲಿ ಒಸೆಕಿ ಒಂದು ಸಲ ಬಂದಿದ್ದಾಳೆ. ಎರಡನೆಯದರಲ್ಲಿ ಮೂರು ಸಲ. ಮೊದಲು ಬಾಗಿಲಲ್ಲಿ ಬಟ್ಟಲು ಇಟ್ಟು ಹೋಗುತ್ತಿದ್ದವಳು ಈಗ ಒಳಗೆ ಬಂದು ಅತಿಥಿಗಳಿಗೆ ಚಹಾ ಕೊಡುತ್ತಾಳೆ, ಗೋಡೆಯ ಚಿತ್ರ ನೋಡಿ ಮಾತಾಡುತ್ತಾಳೆ. ಗೋಡೆ ಕಾಣಬೇಕಾದರೆ ನಾನು ಕೂರುತ್ತಿದ್ದ ಜಾಗದಲ್ಲೇ ಕೂರಬೇಕು. ನನ್ನ ಚಾಪೆಯ ಮೇಲೆ ಕೂರುತ್ತಾಳೆಯೆ? ಚಿತ್ರದೊಳಗಿನ ಹೆಂಗಸಿನ ಹೆಜ್ಜೆ ಎಣಿಸುವವರು ಮನೆಯೊಳಗಿನ ಹೆಂಗಸಿನ ಹೆಜ್ಜೆಯನ್ನೂ ಒಂದು ಸಲ ಎಣಿಸಿ.

ಈ ಸಾಲು ಬರೆದು ಹೊಡೆದುಹಾಕಬೇಕೆಂದಿದ್ದೆ. ಹೊಡೆದುಹಾಕುವುದಿಲ್ಲ. ಹೊಟ್ಟೆ ಉರಿಯುತ್ತಿದೆ.

ನುಯಿ

*

ಶಿತಾಯಾ
ಮಾರ್ಚ್ ೨

ನುಯಿಗೆ,

ಒಂದು ಹಾಳೆ ಕಳಿಸಿದ್ದೇನೆ. ನೀನೇ ಕೇಳಿದ್ದೆಯಲ್ಲ.

ನೂರಿಪ್ಪತ್ತು ಹಾಳೆಯವರೆಗೆ ಅವಳನ್ನು ಅಚ್ಚು ಹಾಕಿದೆ. ಕೆಂಪು ತಲೆಬಟ್ಟೆಗೆಂದೇ ಒಂದು ಹಲಗೆ, ಹುಲ್ಲಿನ ಹೊದಿಕೆಗೆ ಒಂದು ಹಲಗೆ. ಒಂದೊಂದು ಸಲ ಉಜ್ಜಿದಾಗಲೂ ಆ ಎಡಗಂಟು ನನ್ನ ಅಂಗೈ ಕೆಳಗೆ. ನೂರಿಪ್ಪತ್ತು ಸಲ ಅವಳು ಆ ಮನೆಯಿಂದ ಹೊರಗೆ ಬಂದಳು. ನಾನೇ ಕೈಯಾರೆ ತಂದೆ.

ಮೊನ್ನೆ ಬೆಳಗ್ಗೆ ಗೆನ್ಪಾಚಿಯ ಸಣ್ಣ ಉಳಿ ನನ್ನ ಮನೆಯಲ್ಲೇ ಉಳಿದಿತ್ತು. ಚಿತ್ರದ ಕಪ್ಪು ಗೆರೆಗಳ ಹಲಗೆಯಿಂದ ಅವಳನ್ನು ಹೆರೆದು ತೆಗೆದೆ. ಹಲಗೆಯಲ್ಲಿ ಮರ ತೆಗೆದ ಜಾಗದಲ್ಲಿ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಅಂದರೆ ಈಗ ಅವಳಿದ್ದಲ್ಲಿ ಹಿಮ. ಕೆಂಪಿನ ಹಲಗೆಗೂ ಹೊದಿಕೆಯ ಹಲಗೆಗೂ ಇನ್ನು ಕೆಲಸವಿಲ್ಲ. ಹೆಜ್ಜೆಗಳನ್ನು ತೆಗೆಯಲು ಹೋಗಲಿಲ್ಲ. ಅಷ್ಟಕ್ಕೇ ಉಳಿ ಕೆಳಗಿಟ್ಟೆ.

ಅಂಗಡಿಯವರು ಬೈಯುತ್ತಾರೆ ಎಂದುಕೊಂಡಿದ್ದೆ. ಮುಖ್ಯ ಗುಮಾಸ್ತರು ಎತ್ತಿ ಹಿಡಿದು ನೋಡಿ, “ಇದೇ ಚೆನ್ನಾಗಿದೆ ಕಣಯ್ಯಾ. ಯಾರೂ ಇಲ್ಲದಿದ್ರೆ ಚಳಿ ಜಾಸ್ತಿ ಕಾಣುತ್ತೆ” ಎಂದರು. ಉರಾಬೆಯವರು ದಕ್ಷಿಣಕ್ಕೆ ಪ್ರವಾಸ ಹೋಗಿದ್ದಾರಂತೆ, ಕೇಳುವವರಿಲ್ಲ.

ಇನ್ನು ಅವಳು ಯಾರು ಎಂದು ಯಾರೂ ಕೇಳುವ ಹಾಗಿಲ್ಲ.

ನಿನ್ನ ಚಾಪೆಯನ್ನು ನೀನು ಹೋದ ವಾರವೇ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಯಾರೂ ಕೂತಿಲ್ಲ.

ಯಸುಗೊರೊ

*

ಮಿನೊಸಾವಾ
ಮಾರ್ಚ್ ೩, ಗೊಂಬೆ ಹಬ್ಬ

ಯಜಮಾನರಿಗೆ ನಮಸ್ಕಾರ.

ನಿಮ್ಮಿಂದ ಉತ್ತರವಿಲ್ಲ. ನನ್ನ ಹಿಂದಿನ ಕಾಗದ ಖಾರವಾಯಿತು. ಇವತ್ತು ಅಮ್ಮ ಹಳೆಯ ಗೊಂಬೆಗಳನ್ನು ಇಳಿಸಿದರು, ರಾಜ ರಾಣಿ ಪಕ್ಕಪಕ್ಕ ಕೂತದ್ದು ನೋಡಿ ನನ್ನ ಸಿಟ್ಟು ಇಳಿಯಿತು. ಇನ್ನು ಮುಚ್ಚಿಡುವುದಿಲ್ಲ.

ಹೌದು, ಆ ಹೆಂಗಸು ನಾನೇ.

ನಮ್ಮೂರಿನಲ್ಲಿ ಒಂದು ಮರದ ಹಲಗೆ ಇದೆ, ಅಂಗೈಯಗಲದ್ದು, ಮೇಲೆ ‘ದಾರಿ ತುಳಿಯುವ ಸರದಿ’ ಎಂದು ಬರೆದಿದೆ. ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ದಾರಿಯೇ ಇರುವುದಿಲ್ಲ. ಹಲಗೆ ಯಾರ ಮನೆಯ ಬಾಗಿಲಲ್ಲಿ ತೂಗುತ್ತದೆಯೋ ಆ ಮನೆಯವರು ಜಾವಕ್ಕೆ ಎದ್ದು ಊರಿಗೆಲ್ಲ ದಾರಿ ತುಳಿಯಬೇಕು. ಆಮೇಲೆ ಹಲಗೆ ಪಕ್ಕದ ಮನೆಗೆ. ಕಾಲಿಗೆ ಮೊಣಕಾಲುದ್ದದ ಹುಲ್ಲಿನ ಚೀಲ ಕಟ್ಟಿಕೊಂಡು, ಅದರ ಹಗ್ಗವನ್ನು ಕೈಯಲ್ಲಿ ಹಿಡಿದು ಎತ್ತಿ ಎತ್ತಿ ಇಡುವುದು. ಅಕ್ಕಿಮೂಟೆಯ ತಳದಷ್ಟು ಅಗಲದ ಚೀಲ. ಹೆಜ್ಜೆ ದುಂಡಗೆ ಬೀಳುತ್ತದೆ. ಗೆನ್ಪಾಚಿಯನ್ನು ಬೈಯಬೇಡಿ, ಅವನು ಸರಿಯಾಗಿಯೇ ಕೆತ್ತಿದ್ದಾನೆ.

ದಾರಿ ತಂಗುಮನೆಯ ಬಾಗಿಲಿನಿಂದಲೇ ಶುರುವಾಗುವುದು. ಅದು ಮೇಲಿನ ತುದಿ, ನಮ್ಮ ಮನೆ ಅದರ ಬೆನ್ನಿಗೇ ಇದೆಯಲ್ಲ. ಅಲ್ಲಿಂದ ಸೇತುವೆಯವರೆಗೆ ನಮ್ಮ ಪಾಲು, ಸೇತುವೆ ಆಚೆ ಕೆಳಗಿನ ಊರಿನವರದು. ಮುಂದೆ ಹಿಮ ಮುಟ್ಟಿದವರಿಲ್ಲ ಎಂದಿರಿ. ನಾನು ಇನ್ನೂ ತುಳಿಯುತ್ತಿದ್ದೆ, ಅದಕ್ಕೆ. ಇಲ್ಲಿಯ ಮಕ್ಕಳಿಗೆ ಆ ಚಿತ್ರ ತೋರಿಸಿದರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು.

ಉರಾಬೆಯವರು ನನ್ನನ್ನು ಕಿಟಕಿಯಿಂದ ನೋಡಿಕೊಂಡರು, ಉಳಿದದ್ದನ್ನು ಹಗಲು ಸೇತುವೆಯ ಕಡೆ ನಿಂತು ಬರೆದರು. ಆಮೇಲೆ ಬೀದಿಯಲ್ಲಿ ಸಿಕ್ಕಿ, “ನಿಮ್ಮನ್ನ ಚಿತ್ರದಲ್ಲಿ ಹಾಕ್ಲಾ?” ಎಂದು ಕೇಳಿದರು. ಯಾರು ಪ್ರಕಟಿಸುತ್ತಾರೆ ಎಂದೆ. ಇಕೆನೊಯಾ ಎಂದರು. ಇಕೆನೊಯಾದ ಹಿಮದ ಕೆಲಸವೆಲ್ಲ ನಿಮ್ಮ ಕೈಗೇ ಬರುತ್ತದೆ ಎಂದು ನನಗೆ ಗೊತ್ತಿಲ್ಲವೆ? “ಹಾಕಿ. ಆದ್ರೆ ನಾನು ಎಡಗೈಯವಳು, ಗಂಟು ಎಡಕ್ಕಿರ್ಲಿ, ಮರೀಬೇಡಿ” ಎಂದೆ. ನೀವು ಹಾಳೆ ಎತ್ತುವಾಗ ಎಡಗಂಟು ನೋಡಿ ಬಾಯಿ ಬಿಡುತ್ತೀರಿ, ಆಮೇಲೆ ನಗುತ್ತೀರಿ ಎಂದುಕೊಂಡಿದ್ದೆ. ಅದಕ್ಕೇ ಕಾಗದದಲ್ಲಿ ಅವರ ಸುದ್ದಿ ಎತ್ತಲಿಲ್ಲ. ಅವರ ಜೊತೆ ಆಡಿದ್ದು ಇಷ್ಟು, ಮತ್ತೆ ಉಪ್ಪಿನಕಾಯಿಯ ಮಾತು.

ಇನ್ನು ಏಕೆ ಉಳಿದೆ ಎಂಬುದು. ಊರಿನಲ್ಲಿ ಐದು ಮನೆಯಲ್ಲಿ ಮುದುಕರಷ್ಟೇ ಇದ್ದಾರೆ. ಅವರ ಸರದಿಯನ್ನೂ ನಾನೇ ತುಳಿಯುತ್ತೇನೆ. ಬೆಳಗ್ಗೆ ಬಾಗಿಲು ತೆಗೆದವರು, “ಇವತ್ತು ನುಯಿ ತುಳ್ದಿದ್ದು, ನೋಡು ಎಷ್ಟು ನೆಟ್ಟಗಿದೆ” ಎನ್ನುತ್ತಾರೆ. ನಿಮ್ಮ ಚಿತ್ರಗಳ ಅಂಚಿನಲ್ಲಿ ಬರೆದವರ ಹೆಸರು, ಅಂಗಡಿಯ ಹೆಸರು ಇರುತ್ತದೆ. ಒಮ್ಮೊಮ್ಮೆ ನಿಮ್ಮ ಮುದ್ರೆಯೂ ಇರುತ್ತದೆ. ಎಂಟು ವರ್ಷ ನಾನು ಹದ ಮಾಡಿದ ಕಾಗದದ ಮೇಲೆ ನಿಮ್ಮೆಲ್ಲರ ಹಿಮ ಬಿದ್ದಿದೆ. ನಿಮ್ಮ ಆ ಸಣ್ಣ ಕೆಂಪು ಮುದ್ರೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಹೇಳಲು ನಾಚಿಕೆಯಾಗಿ ಅಮ್ಮನ ಕೆಮ್ಮನ್ನು ಅಡ್ಡ ಹಿಡಿದೆ.

ಈ ತಿಂಗಳ ಕೊನೆಗೆ ಬರುತ್ತೇನೆ. ನನ್ನ ಚಾಪೆ ಖಾಲಿ ಇರಲಿ.

ನುಯಿ

*

ಮಿನೊಸಾವಾ
ಮಾರ್ಚ್ ೮

ಯಜಮಾನರಿಗೆ,

ನಿಮ್ಮ ಹಾಳೆ ಬಂತು. ನನ್ನ ಹಿಂದಿನ ಕಾಗದ ಇಷ್ಟರಲ್ಲಿ ನಿಮಗೆ ಸಿಕ್ಕಿರಬೇಕು. ಎರಡೂ ಯಾವುದೋ ಸ್ಟೇಷನ್ನಿನಲ್ಲಿ ಎದುರುಬದುರು ಹಾದುಹೋಗಿರಬೇಕು.

ಚಿತ್ರವನ್ನು ಒಲೆಯ ಹತ್ತಿರ ಇಟ್ಟುಕೊಂಡು ನೋಡಿದೆ. ನೀಲಿ ಚೆನ್ನಾಗಿದೆ. ಇಷ್ಟು ಒಳ್ಳೆಯ ನೀಲಿಯನ್ನು ನೀವು ಹಿಂದೆ ಎಂದೂ ಎಳೆದಿಲ್ಲ. ಕಿಟಕಿಯ ಹಳದಿ ಮಂಕಾಗಿದೆ. ಹೆಜ್ಜೆಗಳು ಬಾಗಿಲಿನಿಂದ ಇಳಿದು ಬಂದು, ಅರ್ಧ ಏರಿನಲ್ಲಿ ನಿಂತುಬಿಟ್ಟಿವೆ. ಅಲ್ಲಿಂದ ಮುಂದೆ ಬರಿ ಬಿಳಿ. ಯಾರೋ ತುಳಿಯುತ್ತ ತುಳಿಯುತ್ತ ಹಿಮದೊಳಗೆ ಇಳಿದುಹೋದ ಹಾಗಿದೆ.

ಅಮ್ಮ ಹೆಗಲ ಮೇಲಿಂದ ನೋಡಿದರು. “ಅಯ್ಯೋ, ದಾರಿ ತುಳಿಯೋಳು ಎಲ್ಲಿಗೆ ಹೋದ್ಲೇ? ಸತ್ತಳಾ?” ಎಂದರು.

ನಿಮ್ಮ ಕೈಗೆ ನನ್ನನ್ನು ಕಳಿಸಿಕೊಟ್ಟದ್ದು ನಾನೇ. ಎಲ್ಲ ಬಿಟ್ಟು ನಿಮ್ಮ ಕೈಗೇ ಕಳಿಸಿದೆ. ನೀವು ಕೇಳಲಿಲ್ಲ, ಉಳಿ ತೆಗೆದುಕೊಂಡಿರಿ.

ತಿಂಗಳ ಕೊನೆಗೆ ಬರುತ್ತೇನೆ ಎಂದಿದ್ದೆ. ಬರುವುದಿಲ್ಲ. ಹಿಮ ಕರಗಿದ ಮೇಲೂ ಬರುವುದು ಗೊತ್ತಿಲ್ಲ. ತೆಗೆದ ಜಾಗಕ್ಕೆ ಬೇರೆ ಮರ ಕೂರಿಸಿ ಕೆತ್ತಿಸುತ್ತೇನೆ ಎಂದು ಬರೆಯಬೇಡಿ. ತೇಪೆ ಹಾಕಿದ ಹೆಂಗಸಾಗಿ ನಿಮ್ಮ ಚಿತ್ರದಲ್ಲಿ ನಿಲ್ಲಲಾರೆ.

ನುಯಿ

*

ಶಿತಾಯಾ
ಮಾರ್ಚ್ ೧೨

ನುಯಿಗೆ,

ನಿನ್ನ ಗೊಂಬೆ ಹಬ್ಬದ ಕಾಗದ ಎಂಟಕ್ಕೆ ಬಂತು. ಓದಿ ಮುಗಿಸಿದವನೇ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೆನ್ಪಾಚಿಯ ಮನೆಗೆ ಓಡಿದೆ. ತೇಪೆಯ ಮಾತು ಬರೆಯಬೇಡ ಎಂದಿದ್ದೀಯ, ಆ ಮಾತು ಕೈಗೆ ಸಿಗುವ ಮೊದಲೇ ಹೋಗಿಬಿಟ್ಟಿದ್ದೆ.

ಅವನು ಹಲಗೆಯ ಮೇಲೆ ಬೆರಳಾಡಿಸಿದ. “ಒಳ್ಳೇ ಕೆಲಸ ಮಾಡಿದೀಯ. ನಾನು ಎರಡು ದಿನ ಕೂತು ಕೆತ್ತಿದ್ದು. ಮರ ಕೂರಿಸ್ಬಹುದು. ಆದ್ರೆ ನೋಡ್ಕೊಂಡು ಕೆತ್ತೋಕೆ ಆಕೆ ಎಲ್ಲಿ? ಹೇಳು, ಹೇಗೆ ನಿಂತಿರ್ತಾಳೆ ನಿನ್ನ ಹೆಂಡ್ತಿ?” ಎಂದ.

ನನಗೆ ಹೇಳಲಾಗಲಿಲ್ಲ, ನುಯಿ. ಗಂಟು ಎಡಕ್ಕೆ ಎಂದೆ. ನನಗೆ ಅಷ್ಟೇ ಗೊತ್ತಿತ್ತು. ಎಂಟು ವರ್ಷ ನನ್ನ ಬೆನ್ನ ಹಿಂದೆ ಕೂತು ಕಾಗದಕ್ಕೆ ಅಂಟು ಹಚ್ಚಿದ್ದೀಯ. ನಾನು ಹಲಗೆ ನೋಡುತ್ತಿದ್ದೆ. ನೀನು ಹೇಗೆ ನಿಲ್ಲುತ್ತೀಯ ಎಂದು ಒಬ್ಬ ಪರವೂರಿನ ಮನುಷ್ಯ ಕಿಟಕಿಯಿಂದ ನೋಡಿ ತಿಳಿದುಕೊಂಡ.

ಅವನ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು ಇದೆ. ನೀನು ಬರೆದದ್ದನ್ನು ಒಂದಕ್ಷರ ಬಿಡದೆ ನಂಬುತ್ತೇನೆ, ಆದರೂ ಇದೆ. ನೀನು ದಾರಿ ತುಳಿಯುವುದನ್ನು ಅವನು ನೋಡಿದ್ದಾನೆ, ನಾನು ನೋಡಿಲ್ಲ. ಹದಿನಾಲ್ಕು ಮನೆಯವರು ನೋಡಿದ್ದಾರೆ. ನಾಲ್ಕು ತಿಂಗಳಿಂದ ನಿನ್ನನ್ನು ನೋಡದಿದ್ದವನು ನಾನೊಬ್ಬನೇ.

ಒಸೆಕಿಗೆ ಇನ್ನು ಬಟ್ಟಲು ತರಬೇಡ ಎಂದು ಹೇಳಿದೆ. “ಸದ್ಯ, ಬದುಕ್ಕೊಂಡೆ. ದಿನಾ ಉಪ್ಪು ಅಂತ ಬೈಸ್ಕೊಂಡು ಸಾಕಾಗಿತ್ತು” ಎಂದಳು.

ನಾನು ಬರುತ್ತೇನೆ. ಹದಿನೆಂಟಕ್ಕೆ ಇಲ್ಲಿಯ ಉಏನೊ ಸ್ಟೇಷನ್ನಿನಿಂದ ರೈಲು ಹತ್ತಿ, ಆ ಸಂಜೆ ಕೆಳಗಿನ ಸ್ಟೇಷನ್ನಿನ ಹತ್ತಿರ ಉಳಿದು, ಹತ್ತೊಂಬತ್ತರ ಬೆಳಗಿಗೆ ನಡೆದು ಮೇಲೆ ಹತ್ತುತ್ತೇನೆ. ಒಂದು ಮಾತು ನಡೆಸಿಕೊಡು. ಆ ಬೆಳಗ್ಗೆ ಯಾರೂ ದಾರಿ ತುಳಿಯದಿರಲಿ. ಸೇತುವೆಯಿಂದ ನಿನ್ನ ಬಾಗಿಲಿನವರೆಗೆ ಹಿಮದ ಮೇಲೆ ಒಂದೇ ಸಾಲು ಹೆಜ್ಜೆ ಇರಲಿ, ನನ್ನದು. ಯಾರು ಯಾರ ಬಾಗಿಲಿಗೆ ಬಂದರು ಎಂದು ನನ್ನಂಥ ದಡ್ಡನೂ ಓದಬಹುದಾದ ಹಾಗೆ.

ನೀನಿರುವ ಹಾಳೆ ಒಂದನ್ನು ಅಂಗಡಿಯವರಲ್ಲಿ ಕೇಳಿ ತೆಗೆದುಕೊಂಡಿದ್ದೇನೆ. ಅಂಚಿನಲ್ಲಿ ನನ್ನ ಮುದ್ರೆಯ ಪಕ್ಕದಲ್ಲಿ ‘ಕಾಗದ: ನುಯಿ’ ಎಂದು ಬರೆದೆ. ಅಕ್ಷರ ಸೊಟ್ಟಗಾಗಿದೆ. ತರುತ್ತೇನೆ.

ಯಸುಗೊರೊ

*

ಅಂಚೆ ಕಾರ್ಡು
ಮಿನೊಸಾವಾ, ಮಾರ್ಚ್ ೧೫

ಹತ್ತೊಂಬತ್ತಕ್ಕೆ ನಮ್ಮ ಸರದಿ ಅಲ್ಲ, ಮೊಸುಕೆ ತಾತನದು. ತಾತನನ್ನು ಕೇಳಿ ಸರದಿಯ ಹಲಗೆಯನ್ನು ನಮ್ಮ ಬಾಗಿಲಿಗೆ ಹಾಕಿಸಿಕೊಂಡಿದ್ದೇನೆ. “ಟೋಕಿಯೊ ಅಳಿಯ ತುಳೀತಾನಾ? ಹಾಗಾದ್ರೆ ಊರಿಗೆ ಊರೇ ಮಧ್ಯಾಹ್ನದವರೆಗೆ ಒಳಗೇ ಕೂರ್ಬೇಕು ಬಿಡು” ಎಂದು ತಾತ ಊರೆಲ್ಲ ಹೇಳಿ ಬಂದಿದ್ದಾರೆ. ಆದರೂ ಯಾರೂ ತುಳಿಯುವುದಿಲ್ಲ.

ನೀವು ಬೂಟು ಹಾಕಿಕೊಂಡು ಬಂದರೆ ಸೊಂಟದವರೆಗೆ ಹೂತುಹೋಗುತ್ತೀರಿ. ಸ್ಟೇಷನ್ ಎದುರಿನ ಚಹಾದ ಅಂಗಡಿಯಲ್ಲಿ ನನ್ನ ಹುಲ್ಲಿನ ಚೀಲಗಳನ್ನು ಕೊಟ್ಟಿಟ್ಟಿದ್ದೇನೆ. ಹಗ್ಗವನ್ನು ನೀವೇ ಕಟ್ಟಿಕೊಳ್ಳಿ, ಅಂಗಡಿಯವಳಿಗೆ ಕಟ್ಟಲು ಬಿಡಬೇಡಿ.

ಚೀಲದ ಹೆಜ್ಜೆಗೆ ಹಿಂದು ಮುಂದು ಇಲ್ಲ. ಬಂದದ್ದೋ ಹೋದದ್ದೋ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಅದಕ್ಕೇ ನೀವು ಬರುವಾಗ ನಾನು ಮಹಡಿಯ ಕಿಟಕಿಯಲ್ಲಿ ಕೂತು ನೋಡುತ್ತಿರುತ್ತೇನೆ.

ನುಯಿ